ಆರಿಸಿ ತಂದ ಗಾಜು

"ಮೇಡಮ್, ನನ್ ಮೂಗು ಸತ್ತೋಗದೆ. ಕೆಲ್ಸದ್ ಕಡೆ ಇನ್ನೂ ಯಾರ್ಗೂ ಏಳಿಲ್ಲ, ನಿಮ್ಗೆ ಏಳ್ತಿವ್ನಿ."

ಹಾಸನದ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಈ ಮಾತು ಹೇಳಿದವರು ಚನ್ನರಾಯಪಟ್ಟಣದ ಕಡೆಯ ಒಂದು ಖಾಸಗಿ ಹಾಲು ಶೀತಲ ಕೇಂದ್ರದ ಆಪರೇಟರ್. ಹಳ್ಳಿಗಳಿಂದ ಬಂದ ಹಾಲನ್ನು ಅಲ್ಲಿ ಅಮೋನಿಯಾ ತುಂಬಿದ ಯಂತ್ರದಿಂದ ತಣ್ಣಗೆ ಮಾಡುತ್ತಾರೆ. ಆ ಯಂತ್ರದ ಕೋಣೆಯಲ್ಲಿ ದಿನವಿಡೀ ಇರುವವರು ಇವರೊಬ್ಬರೇ. ಅಮೋನಿಯಾ ಒಂದಿಷ್ಟು ಸೋರಿದರೂ ಬೇರೆಯವರ ಮೂಗಿಗೆ ರಪ್ಪನೆ ಬಡಿಯುತ್ತದೆ, ಓಡಿ ಹೊರಗೆ ಬರುತ್ತಾರೆ. ಇವರಿಗೆ ಕೊರೋನಾ ಬಂದು ಹೋದ ಮೇಲೆ ಕಾಫಿಯ ವಾಸನೆಯೂ ಇಲ್ಲ, ಅಮೋನಿಯಾದ ವಾಸನೆಯೂ ಇಲ್ಲ. ಕಣ್ಣು ಉರಿದು ಗೊತ್ತಾಗುವ ಹೊತ್ತಿಗೆ ಬಾಗಿಲು ಹುಡುಕಲೂ ಆಗದಷ್ಟು ತಡವಾಗಿರಬಹುದು.

"ಒಂದು ಅಲಾರಂ ಕೊಂಡು ಹಾಕ್ಸೋದು ತಾನೇ?" ಎಂದೆ. ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಚುರುಕು.

"ಓನರ್‌ನ ಕೇಳುದ್ರೆ, ಅದ್ರ ವಾಸ್ನೆನೇ ಅಲಾರಂ ಅಲ್ವೇನಯ್ಯಾ ಅಂತಾರೆ. ವಾಸ್ನೆ ಗೊತ್ತಾಗಾಕಿಲ್ಲ ಅಂದ್ರೆ ನಾಳಿಂದ ಮನೇಲಿರು ಅಂತಾರೆ. ಅದ್ಕೇ ಮೇಷ್ಟ್ರನ್ನ ಇಡ್ಕಂಡೆ."

ಮೇಷ್ಟ್ರು ಅವರ ಪಕ್ಕದಲ್ಲೇ ನಿಂತಿದ್ದರು. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವರು, ಊರು ಅರಕಲಗೂಡಿನ ಆಚೆಯ ರುದ್ರಪಟ್ಟಣ. ಸಂಗೀತದವರ ಮನೆ, ಮಾತಿನಲ್ಲೂ ಒಂದಕ್ಷರ ಅಪಸ್ವರ ಬರುವುದಿಲ್ಲ. ಬಿಸಿ ಮಾಡಿದ ಗಾಜಿನ ಮೇಲೆ ತವರದ ದ್ರಾವಣ ಸಿಂಪಡಿಸಿ, ತವರದ ಆಕ್ಸೈಡಿನ ತೆಳು ಪದರ ಕೂರಿಸುವುದು ಅವರ ಕಸುಬು. ಬಿಸಿಯಾಗಿಟ್ಟ ಆ ಪದರಕ್ಕೆ ಅಮೋನಿಯಾ ತಾಗಿದರೆ ಅದರೊಳಗೆ ಕರೆಂಟು ಸಲೀಸಾಗಿ ಹರಿಯತೊಡಗುತ್ತದೆ. ಹಾಗೆ ಹರಿದಾಗ ಹಾರನ್ ಕೂಗುವಂತೆ ಒಂದು ಡಬ್ಬಿಯನ್ನೂ ಮಾಡಿಟ್ಟಿದ್ದರು. ಆದರೆ ನುಣುಪಾದ ಪದರ ಬಹಳ ಮಂದ. ಅನಿಲ ತುಂಬ ಹೆಚ್ಚಾದ ಮೇಲಷ್ಟೇ ಎಚ್ಚರಾಗುತ್ತದೆ. ಅದರ ಮೈಮೇಲೆ ಸೂಕ್ಷ್ಮ ಗೆರೆಗಳನ್ನು ಎಬ್ಬಿಸಿದರೆ ಅನಿಲ ತಾಗುವ ಜಾಗ ಹೆಚ್ಚಿ ಪದರ ಚುರುಕಾಗುತ್ತದೆ. ಆ ಗೆರೆ ಎಬ್ಬಿಸುವ ಲೇಸರ್ ನನ್ನ ಕೈಯಲ್ಲಿತ್ತು.

ನಮ್ಮದು ಆಸ್ಪತ್ರೆ ಸಾಮಾನಿನ ಸಣ್ಣ ಭಾಗಗಳಿಗೆ ಗುರುತು ಕೊರೆಯುವ ವರ್ಕ್‌ಶಾಪು. ನಮ್ಮ ಲೇಸರ್ ಬೆಳಕನ್ನು ಒಂದೇ ಸಮನೆ ಬಿಡುವುದಿಲ್ಲ, ಮಿಡಿತ ಮಿಡಿತವಾಗಿ ಬಿಡುತ್ತದೆ. ಒಂದೊಂದು ಮಿಡಿತವೂ ಎಷ್ಟು ಚುಟುಕೆಂದರೆ, ವಸ್ತುವಿಗೆ ಬಿಸಿ ಹರಡಲು ಪುರುಸೊತ್ತೇ ಇರುವುದಿಲ್ಲ. ಶಕ್ತಿಯನ್ನು ಸರಿಯಾಗಿ ಹಿಡಿದು ಪದರದ ಮೇಲೆ ಹಾಯಿಸಿದರೆ ಒಂದು ಸೋಜಿಗ ನಡೆಯುತ್ತದೆ. ಗೆರೆಗಳನ್ನು ನಾವು ಒಂದೊಂದಾಗಿ ಬರೆಯಬೇಕಿಲ್ಲ, ಬೆಳಕು ತನ್ನ ಚದುರಿದ ಅಲೆಯ ಜೊತೆಗೇ ಸೇರಿಕೊಂಡು ತಾನೇ ಸಾಲು ಹಿಡಿಯುತ್ತದೆ. ಕೂದಲೆಳೆಯ ಅಗಲದಲ್ಲಿ ನೂರಕ್ಕೂ ಹೆಚ್ಚು ಸಾಲು. ಗಾಜನ್ನು ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದರೆ ನೀರಿನ ಮೇಲೆ ಎಣ್ಣೆ ಹರಡಿದಂತೆ ಬಣ್ಣ ಕಾಣುತ್ತದೆ. ಬಣ್ಣ ಕಂಡರೆ ಗೆರೆ ಎದ್ದಿದೆ ಎಂದರ್ಥ. ಶಕ್ತಿ ಚೂರು ಕಡಿಮೆಯಾದರೆ ಏನೂ ಆಗುವುದಿಲ್ಲ, ಚೂರು ಹೆಚ್ಚಾದರೆ ಪದರವೇ ಎದ್ದು ಹೋಗುತ್ತದೆ. ನಡುವಿನ ಹದ ಬಹಳ ಕಿರಿದು.

ಹಿಂದೆ ಒಮ್ಮೆ ಮೇಷ್ಟ್ರು ತಂದ ಗಾಜುಗಳ ಮೇಲೆ ಈ ಕೆಲಸ ಚೆನ್ನಾಗಿ ಬಂದಿತ್ತು. ಆ ಗಾಜುಗಳೆಲ್ಲ ಅವರ ಪರೀಕ್ಷೆಗಳಲ್ಲಿ ಖರ್ಚಾಗಿ, ಗೆರೆಯಿಲ್ಲದ ಒಂದು ತುಂಡು ಮಾತ್ರ ನನ್ನ ಡ್ರಾಯರಿನಲ್ಲಿ ಉಳಿದಿತ್ತು. ಈಗ ಶೀತಲ ಕೇಂದ್ರದಲ್ಲಿ ಪೈಪು ರಿಪೇರಿ ನಡೆಯುತ್ತಿದೆ, ಸೋಮವಾರ ಹೊಸ ಅನಿಲ ತುಂಬಿ ಯಂತ್ರ ಚಾಲೂ ಮಾಡುತ್ತಾರೆ. ಹೊಸದಾಗಿ ಅನಿಲ ತುಂಬಿದಾಗಲೇ ಸೋರಿಕೆ ಹೆಚ್ಚು. "ಸೋಮ್ವಾರದ ಒಳ್ಗೆ ಕೊಟ್ಬುಡಿ ಮೇಡಮ್. ಕೊಡ್ದಿದ್ರೂ ನಾನು ಒಳಿಕ್ ಓಗ್ಲೇಬೇಕು" ಎಂದು ಆಪರೇಟರ್ ಹೊರಟರು. ಅವತ್ತು ಗುರುವಾರ.

ಮೇಷ್ಟ್ರು ಅವತ್ತೇ ಹೊಸ ಗಾಜುಗಳಿಗೆ ಪದರ ಕೂರಿಸಿ ಕಳಿಸಿದರು. ಪದರ ಕೂರಿಸಿದ ಗಾಜನ್ನು ಮತ್ತೆ ಕುಲುಮೆಯಲ್ಲಿಟ್ಟು ಕಾಯಿಸಬೇಕು, ಆಗಲೇ ಪದರ ಗಟ್ಟಿಯಾಗುವುದು. ಮೇಷ್ಟ್ರ ಕಾಲೇಜಿನ ಕುಲುಮೆ ಕೆಟ್ಟು ಕೂತಿತ್ತು. ಹಾಗಾಗಿ ಈ ಸಲ ಕಾಯಿಸುವ ಕೆಲಸವೂ ನಮ್ಮಲ್ಲೇ. ನಮ್ಮ ಕುಲುಮೆ ನೋಡಿಕೊಳ್ಳುವವರು ಹಳ್ಳಿಮೈಸೂರಿನ ಫಿಟ್ಟರ್. ನನಗಿಂತ ಹಿರಿಯರು, ನಾನು ಅಣ್ಣ ಎನ್ನುತ್ತೇನೆ. ನಾನು ಹೊಳೆನರಸೀಪುರದವಳು, ದಿನಾ ರೈಲಿನಲ್ಲಿ ಓಡಾಡುವವಳು. ಒಂದೇ ತಾಲ್ಲೂಕಿನವರೆಂದು ನಮ್ಮಿಬ್ಬರಲ್ಲಿ ಸಲಿಗೆ, ಜಗಳ ಎರಡೂ ಧಾರಾಳ. ಮೇಷ್ಟ್ರು ಫೋನಿನಲ್ಲಿ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಎಷ್ಟು ಬಿಸಿ, ಎಷ್ಟು ಹೊತ್ತು, ಕೊನೆಗೆ, "ಕುಲುಮೆಯಿಂದ ತೆಗೆದು ಚೆನ್ನಾಗಿ ಆರಿಸಿ, ಆಮೇಲೆ ಮೇಡಂ ಕೈಗೆ ಕೊಡಿ." ಫೋನಿನ ಸ್ಪೀಕರ್ ಹಾಕಿತ್ತು, ನಾನೂ ಕೇಳಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅಣ್ಣ ತಟ್ಟೆಯಲ್ಲಿ ಗಾಜುಗಳನ್ನು ತಂದಿಟ್ಟರು.

"ಆರಿಸಿದ್ದೀರಾ ಅಣ್ಣ?"

"ಚೆಂದಾಗ್ ಆರ್ಸಿವ್ನಿ, ನೋಡ್ಕಳಿ."

ನೋಡಿದೆ. ಒಂದರ ಮೇಲೂ ಗೀರಿಲ್ಲ, ಕಲೆಯಿಲ್ಲ. ಮೊದಲ ಗಾಜನ್ನು ಲೇಸರಿನ ಕೆಳಗೆ ಕೂರಿಸಿ, ಹಿಂದಿನ ಸಲದ ಅದೇ ಶಕ್ತಿ, ಅದೇ ವೇಗ ಹಾಕಿ ಗುಂಡಿ ಒತ್ತಿದೆ. ಮೊದಲ ಸಾಲು ಬಂತು. ಎರಡನೆಯ ಸಾಲಿನ ನಡುವೆ ಪದರ ಚಕ್ಕೆಯಾಗಿ ಎದ್ದು ಹೋಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೆಳಕು ಹಾಯದ ಜಾಗದಲ್ಲೂ ಸುಣ್ಣದ ಗೋಡೆ ಹಪ್ಪಳ ಎದ್ದ ಹಾಗೆ ಅಂಚು ಮೇಲೆದ್ದಿದೆ. ಶಕ್ತಿ ತಗ್ಗಿಸಿದೆ. ಗೆರೆಯೇ ಏಳಲಿಲ್ಲ. ಒಂದು ಕೂದಲಷ್ಟು ಏರಿಸಿದೆ. ಮತ್ತೆ ಚಕ್ಕೆ. ಹದ ಎನ್ನುವುದೇ ಇಲ್ಲವಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಎನ್ನಬಾರದು ಎಂದುಕೊಂಡು ಮೊದಲು ನನ್ನ ಕಡೆಯದನ್ನೇ ಪರೀಕ್ಷೆ ಮಾಡಿದೆ. ಮಸೂರ ಬಿಚ್ಚಿ ಒರೆಸಿದೆ. ಪವರ್ ಮೀಟರ್ ಇಟ್ಟು ಬೆಳಕು ಏರಿಳಿಯುತ್ತದೆಯೇ ಎಂದು ಕಾದು ನೋಡಿದೆ, ಏರಿಳಿಯಲಿಲ್ಲ. ಪಕ್ಕದ ಕಾರ್ಖಾನೆಯ ಪ್ರೆಸ್ಸು ಬಿದ್ದಾಗಲೆಲ್ಲ ನಮ್ಮ ಮೇಜು ಅದುರುತ್ತದೆ, ಅದು ಊಟಕ್ಕೆ ನಿಂತಾಗಲೂ ಪ್ರಯತ್ನಿಸಿದೆ. ಅದೇ ಚಕ್ಕೆ. ಗೆರೆ ಯಾವ ದಿಕ್ಕಿಗೆ ಏಳಬೇಕು ಎನ್ನುವುದು ಬೆಳಕು ಕಂಪಿಸುವ ದಿಕ್ಕಿನ ಮೇಲೆ ನಿಂತಿದೆ. ಅದನ್ನೂ ತಿರುಗಿಸಿ ನೋಡಿದೆ. ಗೆರೆಯ ದಿಕ್ಕು ತಿರುಗಿತೇ ಹೊರತು ಚಕ್ಕೆ ನಿಲ್ಲಲಿಲ್ಲ. ಕೊನೆಗೆ ಡ್ರಾಯರಿನಲ್ಲಿದ್ದ ಹಳೆಯ ತುಂಡನ್ನು ತೆಗೆದು ಹಾಕಿದೆ. ಅದರ ಮೇಲೆ ಗೆರೆ ಮೊದಲ ಸಲಕ್ಕೇ ಎದ್ದು ಬಣ್ಣ ಚೆಲ್ಲಿತು. ಆದರೆ ಅದು ಉಗುರಿನಷ್ಟಿತ್ತು, ಡಬ್ಬಿಗೆ ಹೊಂದುವಂತಿರಲಿಲ್ಲ. ಒಂದು ವಿಷಯ ಮಾತ್ರ ಗಟ್ಟಿಯಾಯಿತು. ಲೇಸರ್ ಸರಿ ಇದೆ, ಹೊಸ ಪದರದಲ್ಲೇ ಏನೋ ಐಬಿದೆ.

ಫೋನು ಮಾಡಿದರೆ ಮೇಷ್ಟ್ರಿಗೆ ಕೋಪ ಬಂತು. "ಅದೇ ದ್ರಾವಣ, ಅದೇ ಗಾಜು. ಪದರದಲ್ಲಿ ದೋಷವಿಲ್ಲ" ಎಂದರು. ನನಗೂ ಕೋಪ ಬಂತು. ಇಬ್ಬರೂ ಹೇಳಬಾರದ್ದನ್ನೆಲ್ಲ ಬಹಳ ಮರ್ಯಾದೆಯಿಂದ ಹೇಳಿಕೊಂಡೆವು.

ಆ ತಟ್ಟೆಯಲ್ಲಿದ್ದ ಕಡೆಯ ಗಾಜೊಂದು ಮಾತ್ರ ಗೆರೆ ಎದ್ದೂ ಚಕ್ಕೆ ಏಳದೆ ಉಳಿಯಿತು. ಮೇಷ್ಟ್ರು ಕಾಲೇಜು ಮುಗಿಸಿ ಬಂದವರೇ ಅದಕ್ಕೆ ತಂತಿ ಬೆಸೆದು, ಹಿಂದೆ ಹೀಟರ್ ಅಂಟಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅಮೋನಿಯಾ ಬಿಟ್ಟರು. ಹಾರನ್ ಕೂಗಿತು. ಗಾಳಿ ಆಡಿಸಿ ಮತ್ತೆ ಬಿಟ್ಟರು, ಮತ್ತೆ ಕೂಗಿತು. ಮೇಷ್ಟ್ರ ಮುಖ ಅರಳಿತು. ನಾನು ಸುಮ್ಮನಿರಲಾರದೆ ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಗೆರೆಗಳ ಸಾಲಿನ ನಡುವೆ, ಗೆರೆಯಲ್ಲದ ಒಂದು ಸಣ್ಣ ಬಿರುಕು ಅಡ್ಡಡ್ಡ ಓಡಿತ್ತು.

"ಕೂಗುತ್ತಿದೆಯಲ್ಲ, ಇನ್ನೇನು?" ಎಂದರು ಮೇಷ್ಟ್ರು.

"ಇವತ್ತು ಕೂಗ್ತಿದೆ ಸಾರ್. ಹೀಟರ್ ದಿನಾ ಬಿಸಿ ಆಗಿ ತಣ್ಣಗಾಗಿ ಆ ಬಿರುಕು ಪೂರ್ತಿ ಬಿಟ್ಕೊಂಡ್ರೆ ಕರೆಂಟೇ ಹರಿಯಲ್ಲ. ಅಮೋನಿಯಾ ತುಂಬಿದ್ರೂ ಡಬ್ಬಿ ತೆಪ್ಪಗೆ ಕೂತಿರುತ್ತೆ."

"ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ?"

ಈ ಪ್ರಶ್ನೆ ಆ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ. ಅಲಾರಂ ಇಲ್ಲ ಎಂದು ಗೊತ್ತಿರುವ ಮನುಷ್ಯ ಬಾಗಿಲ ಕಡೆಗೊಂದು ಕಣ್ಣಿಟ್ಟಿರುತ್ತಾನೆ. ಗೋಡೆಯ ಮೇಲೆ ಅಲಾರಂ ಇದೆ ಎಂದು ನಂಬಿದವನು ಯಂತ್ರದ ಹಿಂದಿನ ಮೂಲೆಗೂ ಹೋಗಿ ಕೂರುತ್ತಾನೆ. ಬೆಳಿಗ್ಗೆ ರೈಲು ಹತ್ತುವ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಗಿತ್ತು. ಹೇಳುವುದು ಹೇಗೆ ಎಂದು ಮಾತ್ರ ಹೆದರಿಕೆ.

ಶನಿವಾರ ಆಪರೇಟರ್ ಬಂದವರು ಮೇಜಿನ ಮೇಲಿದ್ದ ಡಬ್ಬಿ ನೋಡಿ ಎರಡೂ ಕೈ ಚಾಚಿದರು. ನಾನು ಅದನ್ನು ನನ್ನ ಕಡೆಗೆ ಎಳೆದುಕೊಂಡೆ.

"ಇದನ್ನ ಕೊಡೋಕಾಗಲ್ಲ."

"ಮೇಷ್ಟ್ರು ಕೂಗ್ತದೆ ಅಂದ್ರಲ್ಲ!"

"ನಿನ್ನೆ ಕೂಗಿತು. ನಾಳೆ ಕೂಗದೆ ಇದ್ರೆ? ನೀವು ಇದನ್ನ ನಂಬಿ ಒಳಗೆ ಇರ್ತೀರಿ."

"ಅದು ನನ್ ಇಷ್ಟ ಕಣ್ ಮೇಡಮ್. ಸಾಯೋನು ನಾನು, ನಿಮ್ಗೇನು?"

"ನಂಗೇನು ಅಂದ್ರೆ ಅದ್ರ ಮೇಲೆ ಗೆರೆ ಎಳ್ದೋಳು ನಾನು. ಕೊಡಲ್ಲ. ಬೇರೆ ಮಾಡೋಕೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಓನರ್‌ಗೆ ನಿಜ ಹೇಳಿ. ಬಾಗಿಲ ಹತ್ರ ಇನ್ನೊಬ್ಬರನ್ನ ನಿಲ್ಲಿಸ್ಕೊಳ್ಳಿ."

"ಏಳುದ್ರೆ ಕೆಲ್ಸ ಓಯ್ತದೆ ಅಂತ ನಿಮ್ಗೆ ಮೊದ್ಲೇ ಏಳಿರ್ನಿಲ್ವಾ?" ಎಂದು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮನ್ನ ನಂಬಿ ಬಂದ್ನಲ್ಲ, ನನ್ಗೆ ಬುದ್ಧಿ ಇಲ್ಲ" ಎಂದು ಬೈಕ್ ಹತ್ತಿ ಹೋದರು. ಬೈಕು ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಸರಿಯಾದದ್ದನ್ನೇ ಮಾಡಿದೆ ಎಂದು ಗೊತ್ತಿದ್ದರೂ ಯಾರನ್ನೋ ಬಾವಿಗೆ ತಳ್ಳಿದ ಹಾಗಿತ್ತು.

ಕಾಯಿಸದೆ ಉಳಿದ ಗಾಜುಗಳು ಇನ್ನು ಕೆಲವೇ ಇದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಅಣ್ಣ ಅವತ್ತು ಬೆಳಿಗ್ಗೆ ಕುಲುಮೆಗೆ ಹಾಕಿದ್ದರು. ಮಧ್ಯಾಹ್ನ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದರು. ಮೇಷ್ಟ್ರೂ ಅಲ್ಲೇ ಕೂತಿದ್ದರು, ನನ್ನ ಮೇಲೆ ಮುನಿಸಿಕೊಂಡು.

"ಅಣ್ಣ, ಈ ಸಲನಾದ್ರೂ ಸರಿಯಾಗಿ ಆರಿಸಿದ್ರಾ?" ಎಂದೆ, ಸಿಡುಕಿನಲ್ಲಿ.

"ಇನ್ನೆಂಗ್ ಆರ್ಸಾನ ಮೇಡಮ್? ನಿನ್ನೆಗಿಂತ ಜಾಸ್ತಿನೇ ಆರ್ಸಿವ್ನಿ. ಒಂದ್ ಚೂರೂ ದೂಳಿಲ್ಲ."

ನಾನು ತಟ್ಟೆಗೆ ಚಾಚಿದ ಕೈ ಅಲ್ಲೇ ನಿಂತಿತು. ಆರಿಸುವುದಕ್ಕೂ ಧೂಳಿಗೂ ಏನು ಸಂಬಂಧ? ಗೀರು, ಕಲೆ ಇಲ್ಲದ ಗಾಜನ್ನೇ ಆರಿಸಿ ತೆಗೆದಿದ್ದೀರಾ ಎಂದು ನಾನು ಕೇಳಿದ್ದು. ಅಕ್ಕಿ ಆರಿಸುತ್ತೇವಲ್ಲ, ಹಾಗೆ.

"ಅಣ್ಣ, ನೀವು ಹೆಂಗೆ ಆರ್ಸಿದ್ರಿ? ತೋರ್ಸಿ."

ಅಣ್ಣ ನನ್ನನ್ನು ಪಾಪ ಎನ್ನುವಂತೆ ನೋಡಿದರು. ಕುಲುಮೆಯ ಪಕ್ಕದಲ್ಲಿ ನೇತುಹಾಕಿದ್ದ ಕಂಪ್ರೆಸರ್ ಪೈಪನ್ನು ಎಳೆದು, ತುದಿಯ ಗನ್ ಒತ್ತಿ, ಗಾಳಿಯಲ್ಲಿ ಬುಸ್ಸೆಂದು ಬಿಟ್ಟರು. "ಇಂಗೆ. ಓವನ್ನಿಂದ ತೆಗುದ್ ತಕ್ಷಣ ಇಂಗ್ ಆರ್ಸೋದು. ದಿನಾ ಎಲ್ಲಾ ಪಾರ್ಟ್‌ಗೂ ಆರ್ಸಾಕಿಲ್ವಾ?"

ಆರ್ಸೋದು. ಹಾರಿಸೋದು. ನಮ್ಮ ವರ್ಕ್‌ಶಾಪಿನಲ್ಲಿ ಯಾವ ಭಾಗವಾದರೂ ಲೇಸರಿಗೆ ಹೋಗುವ ಮುಂಚೆ ಗಾಳಿ ಹೊಡೆದು ಧೂಳು ಹಾರಿಸುವುದು ರೂಢಿ. ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಆದ್ದರಿಂದ ಅದು ಆರ್ಸೋದು.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಆರಿಸಿ ಎಂದರೆ ತಣ್ಣಗಾಗಲು ಬಿಡಿ ಅಂತ! ಕಾಫಿ ಆರಿಸಿ ಕುಡಿಯುವುದಿಲ್ಲವೇ? ಕೆಂಡದಂಥ ಗಾಜಿಗೆ ತಣ್ಣನೆಯ ಗಾಳಿ ಹೊಡೆದಿರಾ?"

"ನೀವು ಆರ್ಸಿ ಅಂದ್ರಿ, ನಾನ್ ಆರ್ಸ್ದೆ. ಆರ್ಸಿ ಅಂದ್ರೆ ಆರ್ಸಿ ಅಂತ ನಂಗೇನ್ ಗೊತ್ತು ಸಾ?" ಎಂದರು ಅಣ್ಣ. ಅವರಿಗೂ ಅವಮಾನವಾಗಿತ್ತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎಳೆಯುವವರು ಮೂವರು. ಮೇಷ್ಟ್ರು ತಣಿಸಿ ಎಂದರು, ಅಣ್ಣ ಗಾಳಿ ಹೊಡೆದರು, ನಾನು ಆಯ್ದು ತಂದಿದ್ದಾರೆ ಎಂದುಕೊಂಡೆ. ಎರಡು ದಿನ ಒಬ್ಬರನ್ನೊಬ್ಬರು ಅದೇ ಪದದಿಂದ ಕೇಳಿಕೊಂಡೆವು, ಪ್ರತಿ ಸಲವೂ ಹೌದು ಎಂಬ ಉತ್ತರವೇ ಬಂತು. ಗಾಜು ಶಾಖ ತಡೆಯುವ ಜಾತಿಯದು, ಸೀಳಲಿಲ್ಲ. ಅದರ ಮೇಲಿನ ಪದರ ಮಾತ್ರ ಆ ತಣ್ಣನೆಯ ಏಟಿಗೆ ಕಣ್ಣಿಗೆ ಕಾಣದಂತೆ ಬಿರಿದು, ಗಾಜಿನ ಹಿಡಿತ ಬಿಟ್ಟಿತ್ತು. ಬೆಳಕು ತಾಗಿದ್ದೇ ನೆಪ.

ನನಗೆ ಮೊದಲು ನಗು ಬಂತು, ಆಮೇಲೆ ಆಪರೇಟರ್ ನೆನಪಾಗಿ ನಗು ಹಾರಿಹೋಯಿತು. ಅವರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೇಷ್ಟ್ರು ಮಾಡಿದರು. ಎತ್ತಲಿಲ್ಲ.

ಉಳಿದ ಗಾಜುಗಳನ್ನು ಕುಲುಮೆಗೆ ಹಾಕಿದೆವು. ಈ ಸಲ ಮೇಷ್ಟ್ರೇ ಅಣ್ಣನ ಎದುರು ನಿಂತು, "ಕುಲುಮೆ ಆಫ್ ಮಾಡಿ, ಬಾಗಿಲು ತೆಗೆಯಬೇಡಿ, ನಾಳೆ ಬೆಳಿಗ್ಗೆಯವರೆಗೆ ಮುಟ್ಟಬೇಡಿ" ಎಂದರು. ಆರಿಸಿ ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ. ಅಣ್ಣ ಕಂಪ್ರೆಸರ್ ಪೈಪನ್ನೇ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಕೈ ಸುಮ್ಕಿರಾಕಿಲ್ಲ ಮೇಡಮ್" ಎಂದರು.

ಭಾನುವಾರ ಮೂವರೂ ಬಂದೆವು. ಗಾಜುಗಳು ಕೈಗೆ ತಣ್ಣಗೆ ಹತ್ತಿದವು. ಮೊದಲನೆಯದನ್ನು ಎರಡು ಸಲ ತೆಗೆದು ಮತ್ತೆ ಕೂರಿಸಿದೆ. ಲೇಸರ್ ಪೆಟ್ಟಿಗೆಯ ಬಾಗಿಲು ಮುಚ್ಚಿದೆ. ಮೊದಲ ಸಾಲು, ಎರಡನೆಯದು, ನಡುಭಾಗ. ಪರದೆಯ ಮೇಲೆ ಬೆಳಕಿನ ಚುಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಮುಗಿದ ಮೇಲೆ ಹೊರಗೆ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿದೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೀಲಿ, ಹಸಿರು, ಮತ್ತೆ ನೀಲಿ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಹುಡುಕಿದರೂ ಬಿರುಕಿಲ್ಲ. ಮೇಷ್ಟ್ರು ತಂತಿ ಬೆಸೆದರು. ಸಂಜೆಯವರೆಗೆ ಹೀಟರನ್ನು ಬಿಸಿ ಮಾಡಿ ತಣಿಸಿ, ಮತ್ತೆ ಬಿಸಿ ಮಾಡಿ, ಪ್ರತಿ ಸಲವೂ ಅಮೋನಿಯಾ ಬಿಟ್ಟು ನೋಡಿದೆವು. ಪ್ರತಿ ಸಲವೂ ಕೂಗಿತು.

ಆಪರೇಟರ್ ಮಾತ್ರ ಫೋನು ಎತ್ತಲೇ ಇಲ್ಲ.

ಸೋಮವಾರ ಮೇಷ್ಟ್ರ ಕಾರಿನಲ್ಲಿ ಚನ್ನರಾಯಪಟ್ಟಣದ ದಾರಿ ಹಿಡಿದೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರ ನಂಬರ್ ಒತ್ತುತ್ತಲೇ ಇದ್ದೆ. ಕೇಂದ್ರದ ಗೇಟಿನೊಳಗೆ ಹೋದರೆ ಯಂತ್ರದ ಸದ್ದು ಆಗಲೇ ಕೇಳಿಸುತ್ತಿದೆ. ಅನಿಲ ತುಂಬಿಯಾಗಿತ್ತು. ನಾನು ಕಾರು ನಿಲ್ಲುವ ಮೊದಲೇ ಇಳಿದು ಓಡಿದೆ.

ಯಂತ್ರದ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಹೊಸಿಲಿನ ಮೇಲೆ ಒಬ್ಬ ಗಟ್ಟಿ ಆಸಾಮಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಹಿಂದೆ, ಒಳಗೆ, ನಮ್ಮ ಆಪರೇಟರ್ ಗೇಜು ನೋಡುತ್ತ ನಿಂತಿದ್ದರು. ಓನರ್ ನಮ್ಮನ್ನು ನೋಡಿ ಅಂಗಳಕ್ಕೆ ಬಂದರು.

"ಇವ್ನು ನೋಡಿ ಮೇಡಮ್, ಇಷ್ಟ್ ದಿನ ಮೂಗಿಲ್ದೆ ಕೆಲ್ಸ ಮಾಡವ್ನೆ! ಶನಿವಾರ ಬಂದು ಅತ್ಕೊಂಡು ಏಳ್ದ. ಮೊದ್ಲೇ ಏಳಾಕೇನಾಗಿತ್ತು ನಿಂಗೆ ಅಂತ ಚೆನ್ನಾಗ್ ಬೈದೆ" ಎಂದರು. ಬೈದ ಮೇಲೆ ಬಾಗಿಲಿಗೆ ಒಬ್ಬನನ್ನು ಕೂರಿಸಿದವರೂ ಅವರೇ. ನನಗೆ ಅಳುವೇ ಬಂದುಬಿಟ್ಟಿತು, ಮುಖ ತಿರುಗಿಸಿಕೊಂಡೆ.

ಆಪರೇಟರ್ ನನ್ನ ಮುಖ ನೋಡಲಿಲ್ಲ. ಡಬ್ಬಿಯನ್ನು ಗೋಡೆಗೆ ಬಿಗಿಯುವಾಗ ಸ್ಕ್ರೂ ಹಿಡಿದುಕೊಟ್ಟರು, ಅಷ್ಟೆ. ಮುಗಿದ ಮೇಲೆ ಮೆಲ್ಲಗೆ ಹೇಳಿದರು, "ಒಂದ್ ಸತಿ ನೋಡ್ಬುಡಾನ. ಆದ್ರೆ ಯಾವಾಗ ಅಂತ ನಂಗ್ ಏಳ್ಬೇಡಿ. ನಂಗೆ ಗೊತ್ತಾಗ್ದಂಗೆ ಮಾಡಿ."

ನಾವು ಕಾಫಿ ಕುಡಿದೆವು. ಅವರು ಒಳಗೆ ಹೋಗಿ ನಮಗೆ ಬೆನ್ನು ಹಾಕಿ ಪೈಪು ಒರೆಸತೊಡಗಿದರು. ಕುರ್ಚಿಯವನು ಹೊಸಿಲಿನಲ್ಲೇ ಇದ್ದ. ಮೇಷ್ಟ್ರು ಜೇಬಿನಿಂದ ಸಣ್ಣ ಸೀಸೆ ತೆಗೆದು, ಹತ್ತಿಗೆ ಅಮೋನಿಯಾ ದ್ರಾವಣ ಹಾಕಿ, ಬಾಗಿಲ ಒಳಮೂಲೆಯಲ್ಲಿ ಇಟ್ಟರು.

ವಾಸನೆ ಮೊದಲು ನನ್ನ ಮೂಗಿಗೆ ಬಂತು. ಓನರ್ ಮುಖ ಸಿಂಡರಿಸಿದರು. ಕುರ್ಚಿಯವನು ಮೂಗು ಮುಚ್ಚಿಕೊಂಡ. ನಾನು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದೆ. ಒಳಗೆ ಆ ಮನುಷ್ಯ ಪೈಪು ಒರೆಸುತ್ತಲೇ ಇದ್ದರು, ಯಾವುದೋ ಹಾಡು ಗುನುಗುತ್ತ. ನನ್ನ ಕಣ್ಣು ಉರಿಯತೊಡಗಿತು. ಡಬ್ಬಿ ಸುಮ್ಮನಿತ್ತು. ಕೂಗು, ಕೂಗು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಕುರ್ಚಿಯವನು ಅವರನ್ನು ಕರೆಯಲು ಬಾಯಿ ತೆರೆದ.

ಹಾರನ್ ಕೂಗಿತು.

ಆಪರೇಟರ್ ಹಿಂದೆ ಮುಂದೆ ನೋಡಲಿಲ್ಲ. ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು, ಮೂಗು ಮುಚ್ಚಿ ನಿಂತಿದ್ದ ನಮ್ಮನ್ನೆಲ್ಲ ದಾಟಿ ಬಿರಬಿರನೆ ಹೊರಗೆ ನಡೆದರು. ನಾವು ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಬರುವಷ್ಟರಲ್ಲಿ ಅವರು ಗೇಟಿನ ಹತ್ತಿರ ನಿಂತಿದ್ದರು. ನಮ್ಮೆಲ್ಲರ ಕೆಂಪು ಕಣ್ಣುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಶನಿವಾರದಿಂದ ಮೊದಲ ಸಲ, ನನ್ನ ಮುಖ ನೋಡಿ ಕೇಳಿದರು.

"ಯಾವಾಗ ಬುಟ್ರಿ ಮೇಡಮ್?"